ಒಂದು ಕಲ್ಲಿಗೆ ಎರಡು ಗೂಡು

ಹುಣಸೆಬೀಜದಷ್ಟು ದೊಡ್ಡ ಒಂದು ಕೆಂಪು ಕಲ್ಲಿಗಾಗಿ ನಾನು ತೆತ್ತದ್ದು ಚೆನ್ನಾಗಿ ಓಡುತ್ತಿದ್ದ ಒಂದು ಮೊಪೆಡ್ಡು ಮತ್ತು ಒಬ್ಬ ಸ್ನೇಹಿತ. ಮೊಪೆಡ್ಡು ಹೋದದ್ದು ಚಿನ್ನ ಹುಡುಕಲು ಜಾಗ ಬೇಕಿತ್ತೆಂದು. ಸ್ನೇಹಿತ ಹೋದದ್ದು, ಇಬ್ಬರೂ ಕೂತು ಬಿಚ್ಚಬೇಕಾದ ಚೀಲವನ್ನು ನಾನೊಬ್ಬನೇ ಬಿಚ್ಚಿದ್ದಕ್ಕೆ. ಮೊಪೆಡ್ಡಿನ ನಷ್ಟವನ್ನು ಆಮೇಲೆ ಹೇಗೋ ತುಂಬಿಕೊಂಡೆ.

ಇಂಥ ವಿಚಿತ್ರಗಳನ್ನು ನಾನು ನಂಬಿದವನಲ್ಲ. ನಾಗಮಂಗಲದಲ್ಲಿ ಹಳೆಯ ಪಂಪ್‌ಸೆಟ್ಟು ಕೊಂಡು ಮಾರಿ ಮೇಲೆ ಬಂದವನು. ಯಾರಾದರೂ ದೆವ್ವ, ದೇವರು, ನಿಧಿ ಎಂದು ಕಥೆ ತೆಗೆದರೆ, ಇವನು ಏನು ಮಾರಲು ಬಂದಿದ್ದಾನೆ ಎಂದೇ ಮೊದಲು ಯೋಚಿಸುತ್ತಿದ್ದೆ. ಈಗಲೂ ಹಾಗೇ ಯೋಚಿಸುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ಮಾರಲು ಬಂದವರು ಯಾರೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದ ಪುಟ್ಟಾಚಾರಿ ನನ್ನ ಶಾಲೆಯ ಗೆಳೆಯ. ಗಿರಾಕಿಗಳೆಲ್ಲ ಮೈಸೂರಿನ ದೊಡ್ಡ ಅಂಗಡಿಗಳಿಗೆ ಹೋಗತೊಡಗಿ ಅವನ ಕೈಯಲ್ಲಿ ಕೆಲಸ ಕಮ್ಮಿಯಾಗಿತ್ತು. ಸಿಂಧಘಟ್ಟದ ಕಡೆಯ ಒಂದು ಹಳ್ಳದಲ್ಲಿ ಅವನ ತಾತ ಮರಳು ತೊಳೆದು ಚಿನ್ನ ತೆಗೆದಿದ್ದನಂತೆ. ನಾವೂ ನೋಡೋಣ ಎಂದ. ಹಳ್ಳದ ದಡ ಜವರಣ್ಣ ಎಂಬ ರೈತರದು. ಒಂದು ಬೇಸಿಗೆ ತೋಡಿಕೊಳ್ಳಲು ನನ್ನ ಮೊಪೆಡ್ಡು ಕೊಡುವುದೆಂದು ಮಾತಾಯಿತು. ಅವರು ಕೀ ಜೇಬಿಗೆ ಹಾಕಿಕೊಂಡು, "ಚಿನ್ನ ನೀವೇ ಇಟ್ಕಳಿ, ಗುಂಡಿ ಮಾತ್ರ ಮುಚ್ಬುಟ್ಟು ಹೋಗಿ. ನನ್ ಎಮ್ಮೆ ಕಾಲು ಮುರ್ಕಂಡ್ರೆ ನಿಮ್ ಚಿನ್ನ ಸಾಲಕಿಲ್ಲ," ಎಂದರು.

ಮರದ ಮರಿಗೆಯಲ್ಲಿ ಮರಳು ಹಾಕಿ, ನೀರಲ್ಲಿ ತಿರುಗಿಸುತ್ತ ಹಗುರವಾದದ್ದನ್ನು ಚೆಲ್ಲುತ್ತ ಹೋದರೆ ಕೊನೆಗೆ ಕಪ್ಪು ಮರಳು ಉಳಿಯುತ್ತದೆ. ಚಿನ್ನ ಇದ್ದರೆ ಅದರಲ್ಲೇ. ಎಂಟು ದಿನ ಬೆನ್ನು ಬಗ್ಗಿಸಿದ್ದಕ್ಕೆ ಉಗುರಿನ ಮೇಲೆ ನಿಲ್ಲುವಷ್ಟು ಪುಡಿ ಸಿಕ್ಕಿತು. ಮರಳಿನ ಕೆಳಗೆ, ಕಲ್ಲುಮಣ್ಣು ಅಂಟಿ ಬಂಡೆಯಂತಾಗಿ ಹಾರೆಗೂ ಬಗ್ಗದ ಗರಸು. ಆಮೇಲೆ ಒಡೆದು ನೋಡೋಣವೆಂದು ಅದನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸಿ ಗೋಣಿಚೀಲಕ್ಕೆ ತುಂಬಿದೆವು. ಇಲ್ಲಿ ಆಚಾರಿ ತನ್ನ ಕಸುಬಿನ ಪದ್ಧತಿ ತಂದ. ಚೀಲದ ಬಾಯಿ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ, ತನ್ನ ಮುದ್ರೆ ಒತ್ತಿದ. ಚೀಲ ಒಬ್ಬನ ಮನೆಯಲ್ಲಿ, ಮುದ್ರೆ ಇನ್ನೊಬ್ಬನ ಜೇಬಿನಲ್ಲಿ. ಬಿಚ್ಚುವಾಗ ಇಬ್ಬರೂ ಇರಬೇಕು. ಚೀಲವನ್ನು ನನ್ನ ಮನೆಗೇ ಕಳಿಸಿದ.

ಅದೇ ನನಗೆ ಅನುಮಾನ ತಂದಿತು. ಚೌಕಾಸಿ ಮಾಡದೆ ಬಿಟ್ಟುಕೊಡುವವನನ್ನು ನಾನು ನಂಬುವುದಿಲ್ಲ. ಒಳ್ಳೆಯ ಹೆಂಟೆಗಳನ್ನು ಮೊದಲೇ ತೆಗೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಇಷ್ಟು ಧಾರಾಳವೇಕೆ ಎಂದುಕೊಂಡೆ. ಭಾನುವಾರ ಮಧ್ಯಾಹ್ನ ಮುದ್ರೆ ಮುಟ್ಟದೆ, ಚೀಲದ ತಳದ ಹೊಲಿಗೆ ಬಿಚ್ಚಿ ಒಂದು ಹೆಂಟೆ ಎಳೆದುಕೊಂಡೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಎರಡು ಹೋಳಾಯಿತು. ಒಳಗೆ ಚಿನ್ನವಿರಲಿಲ್ಲ. ಆರು ಮೂಲೆಯ ಮೂರು ಕಲ್ಲು, ಒಂದು ದೊಡ್ಡದು, ಎರಡು ಚಿಕ್ಕವು. ಬಿಸಿಲಿಗೆ ಹಿಡಿದರೆ ಕೆಂಪು. ದೊಡ್ಡದರ ಒಂದು ಮೂಲೆ ಮುಕ್ಕಾಗಿತ್ತು. ಅದು ಕೂತಿದ್ದ ಗರಸಿನಲ್ಲಿ ಆ ಮುಕ್ಕಿನ ಅಚ್ಚೂ ಹಾಗೇ ಇತ್ತು.

ಸದ್ದಿಗೆ ಅವ್ವ ಬಂದಳು. ಆ ದೊಡ್ಡ ಕಲ್ಲನ್ನು ಕೈಗೆ ತೆಗೆದುಕೊಂಡು ಒಳಗೆ ಹೋಗಿ, ಬಟ್ಟೆಗಂಟಿನಿಂದ ಹಳೆಯ ಜೋಡಿಯ ಒಂದು ಕಿವಿಯೋಲೆ ತಂದಳು. ಅವಳ ತವರು ಪಾಲಹಳ್ಳಿ. ನಾನು ಹುಟ್ಟುವ ಮೊದಲು, ಅಲ್ಲಿನ ನಾಲೆಯಲ್ಲಿ ಬಟ್ಟೆ ಒಗೆಯುವಾಗ ಆ ಓಲೆಯ ಕಲ್ಲು ಬಿದ್ದುಹೋಗಿತ್ತು. ಹಳೆಯ ಕಾಲದ ಒಡವೆ. ಕಲ್ಲನ್ನು ಸಾಣೆ ಹಿಡಿಯದೆ, ಸಿಕ್ಕಿದ ಆಕಾರಕ್ಕೇ ಗೂಡು ಮಾಡಿ, ತಳಕ್ಕೆ ಅರಗು ತುಂಬಿ ಕೂರಿಸಿದ್ದರು. ಅವ್ವ ಕಲ್ಲನ್ನು ಆ ಗೂಡಿನ ಮೇಲಿಟ್ಟು ಬೆರಳಿನಿಂದ ಒಂದು ಸುತ್ತು ತಿರುಗಿಸಿದಳು. ಟಕ್ಕೆಂದು ಕೂತುಕೊಂಡಿತು. ತೆಗೆದು ನೋಡಿದೆ. ಹಳೆಯ ಅರಗಿನಲ್ಲಿಯೂ ಅದೇ ಮುಕ್ಕಿನ ಅಚ್ಚು.

"ನಂದೇ ಕಣ್ಲಾ ಮಗ. ಸಿಕ್ತಲ್ಲ, ಬುಡು," ಎಂದಳು ಅವ್ವ.

ನಾನು ಬಿಡಲಿಲ್ಲ. ಸಿಂಧಘಟ್ಟದ ಹಳ್ಳ ಇರುವುದು ದೂರದ ಮೇಲುಗಡೆ, ಪಾಲಹಳ್ಳಿ ಇರುವುದು ಅಣೆಕಟ್ಟೆಯ ಕೆಳಗೆ, ತಗ್ಗಿನಲ್ಲಿ. ನೀರು ಮೇಲಕ್ಕೆ ಹರಿದು ಕಲ್ಲನ್ನು ಒಯ್ಯುವುದಿಲ್ಲ. ಒಯ್ದರೂ ಮೂವತ್ತು ಮೂವತ್ತೈದು ವರ್ಷಕ್ಕೆ ಅದರ ಸುತ್ತ ಗರಸು ಬಂಡೆಯಾಗುವುದಿಲ್ಲ. ಹಾಗಾದರೆ ಇದು ಆಚಾರಿಯದೇ ಕೆಲಸ ಎಂದು ತೀರ್ಮಾನಿಸಿದೆ. ಅದೇ ಕಸುಬಿನ ಅವರಪ್ಪ ಎಂದೋ ರಿಪೇರಿಗೆ ಬಂದ ಓಲೆಯಿಂದ ಕಲ್ಲು ಎಗರಿಸಿರಬೇಕು, ಮಗ ಈಗ ಅದನ್ನು ಹೆಂಟೆಯೊಳಗೆ ಅಂಟಿಸಿ ಹೀಗೆ ಹಿಂದಿರುಗಿಸಿದ್ದಾನೆ. ಆ ಓಲೆ ಯಾವ ಆಚಾರಿಯ ಕೈಗೂ ಹೋಗಿಲ್ಲ ಎಂದು ಅವ್ವ ಆಣೆ ಇಟ್ಟಳು. ನಾನು ಅವಳನ್ನೂ ನಂಬಲಿಲ್ಲ.

ಪಾಂಡವಪುರಕ್ಕೆ ಹೋಗಿ ಹೋಳುಗಳು, ಕಲ್ಲು, ಓಲೆ ಎಲ್ಲವನ್ನೂ ಪುಟ್ಟಾಚಾರಿಯ ಮುಂದಿಟ್ಟು ನನ್ನ ಅನುಮಾನವನ್ನೂ ಹೇಳಿದೆ. ಅವನು ಕಲ್ಲನ್ನು ಮುಟ್ಟಲಿಲ್ಲ. ಚೀಲ ಯಾವಾಗ ಬಿಚ್ಚಿದೆ ಎಂದು ಮಾತ್ರ ಕೇಳಿದ. ಹೇಳಿದೆ.

"ಆಸೆ ತಡೀನಾರ್ದೆ ಬಿಚ್ಬುಟ್ಟೆ ಅನ್ನು, ನಂಬ್ತೀನಿ," ಎಂದ. "ನನ್ ಮೇಲೆ ಅನುಮಾನ ಬಂತು ಅನ್ನು, ಅದ್ನೂ ನಂಬ್ತೀನಿ. ಸತ್ತೋಗಿರೋ ನಮ್ಮಪ್ಪನ್ನ ಕಳ್ಳನ್ ಮಾಡೋಕೆ ಇಂಥಾ ಕಥೆ ಕಟ್ಬ್ಯಾಡ ಕಣ್ಲಾ."

ಆಮೇಲೆ ಮಸೂರ ಕಣ್ಣಿಗೇರಿಸಿ ಬಹಳ ಹೊತ್ತು ನೋಡಿದ. ಒಮ್ಮೆ ಅರಗು, ಒಮ್ಮೆ ಗರಸು, ಮತ್ತೆ ಅರಗು. ಎಲ್ಲವನ್ನೂ ನನ್ನ ಕಡೆ ಸರಿಸಿ ಕುಲುಮೆಯ ಕಡೆ ತಿರುಗಿಕೊಂಡ. ಅದಾದ ಮೇಲೆ ಅವನು ನನ್ನ ಮನೆಗೆ ಬರಲಿಲ್ಲ. ನಾನು ಗುಂಡಿ ಮುಚ್ಚಲು ಹೋದಾಗ ಎಲ್ಲವೂ ಮುಚ್ಚಿದ್ದವು. ಆಚಾರಿ ಒಬ್ಬನೇ ಬಂದು ಎರಡು ದಿನ ಮಣ್ಣು ಹೊತ್ತನೆಂದು ಜವರಣ್ಣ ಹೇಳಿದರು.

ನಮ್ಮಿಬ್ಬರನ್ನೂ ಅರಿಯದ ಶ್ರೀರಂಗಪಟ್ಟಣದ ಒಬ್ಬ ಮುದುಕ ಆಚಾರಿಗೂ ತೋರಿಸಿದೆ. ಅರಗು ತುಂಬ ಹಳೆಯದು, ಗೂಡನ್ನು ಹೊಸದಾಗಿ ಅರದಿಂದ ಉಜ್ಜಿ ತಿದ್ದಿಲ್ಲ, ಹೆಂಟೆಯನ್ನು ಯಾರೂ ಅಂಟಿಸಿ ಮಾಡಿದ್ದಲ್ಲ ಎಂದ. ಹಾಗಾದರೆ ಒಂದೇ ಕಲ್ಲು ಎರಡೂ ಕಡೆ ಹೇಗಿತ್ತು ಎಂದು ಕೇಳಿದೆ. "ಮಾರೋದಿದ್ರೆ ಹೇಳಿ, ಸುಮ್ಕೆ ಹೊತ್ತು ಕಳೀಬ್ಯಾಡಿ," ಎಂದ.

ಅವ್ವ ಕೊನೆಯವರೆಗೂ ಆ ಜೋಡಿ ಓಲೆ ಹಾಕಿಕೊಂಡಿದ್ದಳು. ಎರಡು ಚಿಕ್ಕ ಕಲ್ಲುಗಳನ್ನು ಹೋಳುಗಳ ಜೊತೆ ಚೀಲಕ್ಕೇ ಹಾಕಿ, ತಳವನ್ನು ನಾನೇ ಹೊಲಿದು ಅಟ್ಟದ ಮೇಲಿಟ್ಟಿದ್ದೇನೆ. ಮೇಲೆ ಆಚಾರಿಯ ಮುದ್ರೆ ಇನ್ನೂ ಒಡೆದಿಲ್ಲ. ಎರಡು ಸಲ ಹೇಳಿಕಳಿಸಿದೆ, ಬರಲಿಲ್ಲ.

ನಿಮಗೆ ಹೇಳುವುದಿಷ್ಟು. ಪಾಲುಗಾರಿಕೆಯಲ್ಲಿ ಏನೇ ತಂದರೂ ಅರಗು ಹಾಕಿ, ಮುದ್ರೆ ಒತ್ತಿ. ತಳದ ಹೊಲಿಗೆಗೂ ಒಂದು ಮುದ್ರೆ ಒತ್ತಿ, ಅದನ್ನು ನಾವು ಮರೆತಿದ್ದೆವು. ಅನುಮಾನ ಬಂದರೆ ಅಂದೇ ಎದುರಿಗೆ ಕೇಳಿ, ಜಗಳವಾದರೂ ಚಿಂತೆಯಿಲ್ಲ. ಬಿಚ್ಚುವಾಗ ಮಾತ್ರ ಪಾಲುಗಾರನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಳಗಿನಿಂದ ಏನು ಬಂದರೂ, ನಾನೂ ನೋಡಿದೆ ಎನ್ನಲು ಒಬ್ಬನಿರುತ್ತಾನೆ.