ಟೆನಿಸ್ ಕೋರ್ಟಿಗೆ ರಂಗೋಲಿ ಹಾಕಿದ ದಿನ

ನನ್ನ ತಮ್ಮ ಕಾಲೇಜು ಮುಗಿಸಿ ಬಂದು ನಮ್ಮ ಮನೆಯಲ್ಲಿ ಉಳಿದದ್ದು ಎಪ್ಪತ್ತರ ದಶಕದಲ್ಲಿ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗಂಡನ ಹೋಟೆಲಿತ್ತು. ಮನೆಯೂ ಅದರ ಹಿಂದೆಯೇ. ಮನೆಯ ಹಿತ್ತಲಿಗೆ ಅಕ್ಕಿ ಗಿರಣಿಯ ಗೋಡೆ. ತಮ್ಮ ಬೆಳಿಗ್ಗೆ ತಿಂಡಿ ತಿಂದವನೇ ಆ ಗೋಡೆಗೆ ಟೆನಿಸ್ ಚೆಂಡು ಹೊಡೆಯಲು ನಿಲ್ಲುತ್ತಿದ್ದ. ಧಪ್, ಧಪ್, ಧಪ್. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಮತ್ತೆ ಶುರು. ವಡೆ ಕರಿದು ಸೋತು ಒಂದು ಗಳಿಗೆ ಅಡ್ಡಾಗೋಣವೆಂದರೆ ಆ ಸದ್ದು ತಲೆಯೊಳಗೇ ಹೊಡೆದ ಹಾಗೆ ಆಗುತ್ತಿತ್ತು.

ನನ್ನ ಅತ್ತೆ ದಿನಾ ಕೇಳುತ್ತಿದ್ದರು, "ಎಂತ ಮಾರಾಯ್ತಿ, ನಿನ್ನ ತಮ್ಮ ಗೋಡೆ ಕೆಡವದು ಯಾವಾಗ ಮುಗಿತದೆ?"

"ಕೆಡವಿದ್ರೆ ಗಿರಣಿಯೋರು ಕಟ್ಟಿಸ್ಕತ್ತಾರೆ. ನೀವು ಕಾಫಿ ಕುಡೀರಿ" ಅನ್ನುತ್ತಿದ್ದೆ.

ಇವನಿಗೆ ಟೆನಿಸ್ ಅಂಟಿದ್ದು ಶಿಕಾರಿಪುರದಲ್ಲಿ. ಅದು ನನ್ನ ತವರು. ಅಪ್ಪ ಅಲ್ಲಿನ ಆಫೀಸರ್ಸ್ ಕ್ಲಬ್ಬಿನ ಮಾಲಿ. ಕ್ಲಬ್ಬಿಗೊಂದು ಟೆನಿಸ್ ಕೋರ್ಟ್ ಇತ್ತು, ಮಣ್ಣಿನದು. ಧೂಳು ಏಳಬಾರದೆಂದು ಅಪ್ಪ ಅದಕ್ಕೆ ಸಗಣಿ ನೀರು ಹಾಕಿ ಸಾರಿಸುತ್ತಿದ್ದರು. ಅಮ್ಮ ಬೇಗ ತೀರಿಹೋದಳು, ಹಾಗಾಗಿ ನನ್ನ ತಮ್ಮ ಅಪ್ಪನ ಹಿಂದೆಯೇ ಬೆಳೆದ. ಅಮಲ್ದಾರರಿಗೆ, ಡಾಕ್ಟರಿಗೆ ಜೊತೆ ಸಿಗದ ದಿನ ಇವನನ್ನು ನಿಲ್ಲಿಸಿಕೊಂಡು ಆಡುತ್ತಿದ್ದರು. ಹಳೆಯ ಬ್ಯಾಟೂ ಕೊಟ್ಟರು. ಅದರ ನರ ಹರಿದರೆ ನಮ್ಮ ಬೀದಿಯ ಪಿಂಜಾರ ಸಾಬರು ತಾವು ಹತ್ತಿ ಎಕ್ಕುವ ಬಿಲ್ಲಿಗೆ ಬಿಗಿಯುವ ನರವನ್ನೇ ಹಾಕಿ ಕೊಡುತ್ತಿದ್ದರು. ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿ ಅಲ್ಲಿ ಗೆದ್ದ. ವಿಶ್ವವಿದ್ಯಾಲಯದ ತಂಡದಲ್ಲಿ ಮದ್ರಾಸಿಗೆ ಹೋಗಿ ಬಂದ. ಡಿಗ್ರಿ ಸಿಕ್ಕಿತು. ಕಾಲೇಜು ಮುಗಿದ ಮೇಲೆ ಆಡಲು ಕರೆಯುವವರು ಇರಲಿಲ್ಲ.

ಒಂದು ಬ್ಯಾಂಕಿನವರು ಮಾತ್ರ ಕರೆದರು. ಗುಮಾಸ್ತನ ಕೆಲಸ, ವರ್ಷಕ್ಕೊಮ್ಮೆ ಬ್ಯಾಂಕಿನ ಪರವಾಗಿ ಆಡಬೇಕು. ಬರುವ ಸೋಮವಾರ ಬಂದು ಸೇರದಿದ್ದರೆ ಬೇರೆಯವನಿಗೆ ಕೊಡುತ್ತೇವೆ ಅಂದಿದ್ದರು. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಇವನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಯಾಕೆಂದರೆ ಮದ್ರಾಸಿನಲ್ಲಿ ಇವನ ಆಟ ನೋಡಿದ್ದ ಹಿರಿಯ ಆಟಗಾರರೊಬ್ಬರು ಒಂದು ಮಾತು ಹೇಳಿ ಕಳಿಸಿದ್ದರು. ಅವರು ಮೈಸೂರು ಕಡೆಯವರು, ಮದ್ರಾಸಿನಲ್ಲಿ ನೆಲೆಸಿದವರು. ಹುಡುಗರನ್ನು ಕಟ್ಟಿಕೊಂಡು ದೇಶ ದೇಶ ಸುತ್ತಿ ಬಹುಮಾನದ ಪಂದ್ಯಗಳಲ್ಲಿ ಆಡಿಸುತ್ತಿದ್ದರು. ಹುಬ್ಬಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಶಿಕಾರಿಪುರದಲ್ಲಿ ಇಳಿದು ಇವನ ಆಟ ಇನ್ನೊಮ್ಮೆ ನೋಡುತ್ತೇನೆ, ಸರಿ ಕಂಡರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದರು. ಅವರು ಬರುವುದು ಶನಿವಾರ.

"ಊರೂರು ತಿರುಗಿ ಆಡದಾ? ಮೇಳದೋರ ಹಂಗೆ?" ಅಂದರು ಅತ್ತೆ. "ಬಣ್ಣ ಹಚ್ಚದೊಂದು ಬಾಕಿ."

ಶನಿವಾರ ಮೊದಲ ಬಸ್ಸಿಗೆ ನಾನೂ ತಮ್ಮನ ಜೊತೆ ಹೊರಟೆ. ಟೆನಿಸ್ ನನಗೆ ಅರ್ಥವಾಗುತ್ತಿರಲಿಲ್ಲ. ಇವನು ಎಲ್ಲಾದರೂ ಒಂದು ಕಡೆ ಸೇರಿಕೊಂಡರೆ ಸಾಕು ಅನ್ನುವುದೊಂದೇ ನನಗಿದ್ದದ್ದು.

ಕ್ಲಬ್ಬಿನ ಗೇಟು ದಾಟಿದರೆ ಕೋರ್ಟು ಹಸಿರಾಗಿ ಹೊಳೆಯುತ್ತಿತ್ತು. ಆಗಷ್ಟೇ ಸಾರಿಸಿದ್ದರು, ಅದೂ ದಪ್ಪಗೆ, ಹಬ್ಬಕ್ಕೆ ಅಂಗಳ ಸಾರಿಸಿದ ಹಾಗೆ. ಅಪ್ಪ ಸಾರಿಸುತ್ತಿದ್ದದ್ದು ಹಿಂದಿನ ಸಂಜೆ, ತೆಳ್ಳಗೆ. ರಾತ್ರಿಯೆಲ್ಲ ಒಣಗಿದ ಮೇಲೆ ಬೆಳಿಗ್ಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಅವತ್ತು ಅವರು ಸುಣ್ಣ ತರಲು ಪೇಟೆಗೆ ಹೋಗಿದ್ದಾಗ ಕ್ಲಬ್ಬಿನ ಸೆಕ್ರೆಟರಿಯ ಹೆಂಡತಿ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಿದ್ದಳು. ದೊಡ್ಡವರು ಬರುತ್ತಾರೆ ಎಂದು ಸೆಕ್ರೆಟರಿ ಮನೆಯಲ್ಲಿ ಹೇಳಿದ್ದೇ ಇವರಿಗೆ ಸಾಕಾಗಿತ್ತು. ಸಾರಿಸಿ, ಸುತ್ತಲೂ ರಂಗೋಲಿಯ ಅಂಚು ಬಿಟ್ಟು, ಬಲೆಯ ಎರಡೂ ಕಡೆ ಒಂದೊಂದು ತಾವರೆ ಬರೆದಿದ್ದರು. ಒಬ್ಬಳು ಮೂಲೆಯಲ್ಲಿ ಕೂತು ನವಿಲಿಗೆ ಬಾಲ ಹಾಕುತ್ತಿದ್ದಳು.

ಅಪ್ಪ ಸುಣ್ಣದ ಬಕೀಟು ಹಿಡಿದು ಬಂದವರು ಅಲ್ಲೇ ನಿಂತರು. "ಮದ್ವಿ ಚಪ್ರ ಏನ್ರವಾ ಇದು? ಇಲ್ಲಿ ಓಡಾಡಿ ಆಡ್ಬೇಕು ಅವ್ರು!"

"ಹೌದಣ್ಣ, ಬಂದೋರು ಒಣಾ ನೆಲ ತುಳಿಬೇಕಾ? ಊರ ಮರ್ಯಾದಿ ಏನಾಗ್ಬೇಕು?" ಅಂದಳು ನವಿಲಿನವಳು, ತಲೆ ಎತ್ತದೆ.

ತಮ್ಮನ ಮುಖ ಸುಣ್ಣದ ಹಾಗೆ ಆಗಿತ್ತು. ಅಷ್ಟರಲ್ಲಿ ಕಾರು ಬಂತು. ಆ ಹಿರಿಯರು ಇಳಿದರು, ಜೊತೆಗೆ ಅವರ ಶಿಷ್ಯ. ಆಗಲೇ ಒಂದು ವರ್ಷ ಹೊರದೇಶದಲ್ಲಿ ಆಡಿ ಬಂದ ಮದ್ರಾಸಿನ ಹುಡುಗ. ಮೇಲಿಂದ ಕೆಳಗಿನವರೆಗೂ ಬಿಳಿ ಬಟ್ಟೆ.

ಹಿರಿಯರು ಕೋರ್ಟನ್ನು ನೋಡಿದರು. "ಚೆನ್ನಾಗಿದೆ. ಎಷ್ಟು ಹೊತ್ತಿಗೆ ಒಣಗುತ್ತೆ?"

"ಬಿಸ್ಲು ಏರ್‍ಬೇಕು ಸ್ವಾಮಿ" ಅಂದರು ಅಪ್ಪ.

"ನಾವು ಊಟದ ಹೊತ್ತಿಗೆ ಶಿವಮೊಗ್ಗದಲ್ಲಿರಬೇಕು. ಇದರಲ್ಲೇ ಆಡಲಿ. ಗೆರೆ ಎಳೀರಿ."

ಅಪ್ಪ ಸುಣ್ಣದ ಗೆರೆ ಎಳೆದರೆ ಹಸಿ ಸಗಣಿಯಲ್ಲಿ ಅದು ಹರಡಿ ಗೊಜ್ಜಾಯಿತು. ಬೇಲಿಯಾಚೆ ನಿಂತಿದ್ದ ಪಿಂಜಾರ ಸಾಬರು ಕೂಗಿದರು, "ರಂಗೋಲಿ ಹಾಕ್ದೋರ ಕೈಲೇ ಎಳಸ್ರಿ! ಬೆಳಗಿಂದ ನವಿಲು ಬರ್ದಾರ, ಒಂದ್ ನೆಟ್ಟಗಿನ ಗೆರಿ ಬರೆಂಗಿಲ್ಲೇನು?"

ಅಪ್ಪ ಹಗ್ಗ ಹಿಡಿದರು. ಹೆಂಗಸರು ಬೆರಳ ಸಂದಿಯಲ್ಲಿ ಪುಡಿ ಬಿಡುತ್ತ ಗೆರೆ ಎಳೆದರು. ಆಟ ಶುರುವಾಯಿತು.

ಮದ್ರಾಸಿನ ಹುಡುಗ ಎರಡು ಹೆಜ್ಜೆ ಓಡಿದ, ಮೂರನೆಯದಕ್ಕೆ ಜಾರಿ ತಾವರೆಯ ಮೇಲೆ ಕೂತ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯ, ಲಕ್ಷ್ಮಿ ಕುಂತಂಗೆ ಕುಂತ ನೋಡ್ರೇ" ಅಂದಳು ಒಬ್ಬಳು. ನನಗೆ ನಗು ಬರಲಿಲ್ಲ. ಹೀಗೆ ಜಾರಿ ಬಿದ್ದರೆ ಅವರು ಸಿಟ್ಟಾಗಿ ಕಾರು ಹತ್ತುತ್ತಾರೆ, ಇವನು ನನ್ನ ಹಿತ್ತಲಿಗೆ ವಾಪಸು ಬರುತ್ತಾನೆ ಅಂತಲೇ ಅನ್ನಿಸಿತು.

ತಮ್ಮನೂ ಒಮ್ಮೆ ಮುಗ್ಗರಿಸಿದ. ಆಮೇಲೆ ಬೂಟು ಬಿಚ್ಚಿ ಬೇಲಿಯ ಹತ್ತಿರ ಎಸೆದ. ಬರಿಗಾಲು. ಚಿಕ್ಕಂದಿನಲ್ಲಿ ಅಪ್ಪ ಸಾರಿಸಿದ ಕೋರ್ಟಿನಲ್ಲಿ ಅವನು ಆಡಿದ್ದೇ ಹಾಗೆ. ಚೆಂಡಿನ ಕಡೆ ಓಡುತ್ತ ಕೊನೆಗೆ ತಾನೇ ಜಾರುತ್ತಿದ್ದ, ಜಾರುತ್ತಲೇ ಹೊಡೆಯುತ್ತಿದ್ದ. ಚೆಂಡು ಹಸಿರು ಉಂಡೆಯಾಗಿತ್ತು. ಮದ್ರಾಸಿನ ಹುಡುಗ ಜೋರಾಗಿ ಹೊಡೆದಷ್ಟೂ ಇವನು ಸುಮ್ಮನೆ ವಾಪಸು ಕಳಿಸುತ್ತಿದ್ದ. ಗಿರಣಿಯ ಗೋಡೆ ನನ್ನ ತಮ್ಮನಿಗೆ ಮಾಡುತ್ತಿದ್ದದ್ದನ್ನೇ ಇವನು ಆ ಹುಡುಗನಿಗೆ ಮಾಡುತ್ತಿದ್ದ. ಅಷ್ಟು ದಿನ ಕೇಳಿದ ಆ ಸದ್ದು ಯಾತಕ್ಕೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಬಿಸಿಲು ಏರಿ ನೆಲ ಒಣಗಿತು. ಮದ್ರಾಸಿನವನು ಸರಿಯಾಗಿ ನಿಂತು ಆಡತೊಡಗಿದ. ಎರಡು ಆಟ ಸಾಲಾಗಿ ಗೆದ್ದ. ಇವನು ಬೂಟು ಹಾಕಿಕೊಳ್ಳಲೂ ಇಲ್ಲ, ಗಡಿಬಿಡಿಗೂ ಬೀಳಲಿಲ್ಲ. ಒಮ್ಮೆ ಚೆಂಡು ಗೆರೆಗೆ ತಾಗಿತೋ ಇಲ್ಲವೋ ಅಂತ ಜಗಳವಾಯಿತು. ರಂಗೋಲಿ ಚದುರಿದ್ದು ಎದ್ದು ಕಾಣುತ್ತಿತ್ತು. ಇವನ ಚೆಂಡೇ ಸರಿ.

"ಸಾಕು" ಅಂದರು ಹಿರಿಯರು ಇದ್ದಕ್ಕಿದ್ದಂತೆ.

ಆಟ ಮುಗಿದಿರಲಿಲ್ಲ. ತಮ್ಮ ಬ್ಯಾಟು ಕೆಳಗಿಳಿಸಿ ನಮ್ಮ ಕಡೆ ನೋಡಿದ. ಹೋಯಿತು, ಸೋಮವಾರ ಬ್ಯಾಂಕು ಅಂದುಕೊಂಡೆ.

ಹಿರಿಯರು ಅಪ್ಪನ ಹತ್ತಿರ ಬಂದರು. "ನಿಮ್ಮ ಮಗನಿಗೆ ಹೊಡೆತದಲ್ಲಿ ಜೋರು ಸಾಲದು. ಅದನ್ನ ಕಲಿಸಬಹುದು. ಗಾಬರಿ ಆಗಲ್ಲ ಅವನು, ಅದನ್ನ ಕಲಿಸೋಕಾಗಲ್ಲ. ನಾವು ಹೋಗೋ ದೇಶಗಳಲ್ಲಿ ಹೆಚ್ಚಿನದೆಲ್ಲ ಮಣ್ಣಿನ ಕೋರ್ಟು, ಜಾರಿಕೊಂಡೇ ಆಡಬೇಕು. ಕಳಿಸ್ತೀರಾ? ಹೋಗಿ ಬರೋ ಖರ್ಚು ನನ್ನದು. ಆದರೆ ಮೊದಲ ವರ್ಷ ಸೋಲೇ ಜಾಸ್ತಿ."

ಅಪ್ಪ ನೆಲ ನೋಡಿದರು. "ಬ್ಯಾಂಕಿನೋರು ಕರ್ದಾರ ಸ್ವಾಮಿ..."

ನಾನು ಮಧ್ಯೆ ಬಾಯಿ ಹಾಕಿದೆ. "ಕರ್ಕೊಂಡು ಹೋಗ್ರೀ. ಇವನನ್ನ ಬ್ಯಾಂಕಿಗೆ ಕಳಿಸಿದ್ರೆ ಅಲ್ಲಿಯ ಗೋಡೆಗೂ ಚೆಂಡು ಹೊಡಿತಾನೆ. ಸೋತ್ರೆ ಸೋಲ್ಲಿ, ನಿಮ್ಮ ಜೊತೆ ಹೋಗಿ ಸೋಲ್ಲಿ."

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. ಅವನ ಕಾಲು ಮೊಣಕಾಲಿನವರೆಗೂ ಹಸಿರಾಗಿತ್ತು. "ಹೋಗಿ ಕಾಲ್ ತೊಳ್ಕ ಹೋಗು. ಅವ್ರ ಕಾರ್ ಹಾಳಾಗ್ತದ" ಅಂದರು ಅಪ್ಪ. ಅವರ ಒಪ್ಪಿಗೆ ಅಷ್ಟೇ. ತಮ್ಮ ಬಾವಿಯ ಕಡೆ ಓಡಿದ. ಮದ್ರಾಸಿನ ಹುಡುಗ ಹಿಂದೆ ಹಸಿರು ಮುದ್ರೆ ಬಿದ್ದ ಚಡ್ಡಿಯಲ್ಲೇ ಕಾರಿನೊಳಗೆ ಕೂತ, ಕೆಳಗೆ ಪೇಪರು ಹಾಸಿಕೊಂಡು.

ಮೊದಲ ವರ್ಷ ಸೋಲೇ ಜಾಸ್ತಿಯಾಯಿತು. ಹೇಳಿದ್ದು ಸುಳ್ಳಾಗಲಿಲ್ಲ. ಮರುವರ್ಷ ಸ್ವಲ್ಪ ಗೆದ್ದ, ಆಮೇಲೆ ತನ್ನ ಊಟ, ತನ್ನ ಟಿಕೆಟ್ಟು ತಾನೇ ನೋಡಿಕೊಳ್ಳುವಷ್ಟಾಯಿತು. ದೊಡ್ಡ ಹೆಸರೇನೂ ಮಾಡಲಿಲ್ಲ. ರಜೆಗೆ ಬಂದಾಗ, "ಅಲ್ಲಿ ನೆಲ ಕೆಂಪಗಿರ್‍ತದೆ ಅಕ್ಕ, ಸಗಣಿ ಹಾಕಲ್ಲ" ಅಂದ. "ಜಾರ್‍ತದಾ?" ಅಂದೆ. "ಜಾರ್‍ತದೆ" ಅಂದ. ಇನ್ನೇನು ಬೇಕು.

ಆ ಶನಿವಾರ ಕಾರು ಹೋದ ಮೇಲೆ ನಾನು ಬಸ್ಸು ಹತ್ತಿ ಸೊರಬಕ್ಕೆ ಬಂದೆ. ಮಾರನೆಯ ದಿನ ವಡೆ ಕರಿದು ಮುಗಿಸಿ, ಒಲೆ ಆರಿಸಿ, ಚಾಪೆ ಹಾಸಿದೆ. ಎಲ್ಲೂ ಸದ್ದಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು.

"ಎಂತದೇ, ಗೋಡೆ ಸುಮ್ನಾಗಿದ್ಯಲ್ಲೇ ಇವತ್ತು?"

"ಹೂಂ" ಅಂದೆ. ಮಗ್ಗುಲು ಬದಲಿಸಿ ಸಂಜೆಯ ಬಸ್ಸಿನ ಹಾರನ್ ಕೇಳುವವರೆಗೂ ಮಲಗಿದೆ.