ವಾರಿಜಕ್ಕನ ಕತ್ತಾಳೆ ಸೇತುವೆ

೧೯೯೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆಯೇ ನನ್ನ ಓದು ನಿಂತಿತು. ಆಮೇಲೆ ನನಗೆ ಪಾಠ ಹೇಳಿದವರು ಒಬ್ಬರೇ, ನೈರೋಬಿಯ ಲಂಗಾಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಾರಿಜಕ್ಕ. ಮೈಸೂರಿನವರು, ಇಲ್ಲಿ ಹಿಸ್ಟರಿ ಟೀಚರಾಗಿ ರಿಟೈರಾದವರು. ಅವರ ಕೈ ಸುಮ್ಮನಿದ್ದದ್ದೇ ಇಲ್ಲ. ಮಟಾಟು ಬಸ್ಸಿನಲ್ಲಿ ಕೂತರೂ ಸರಿ, ಸತ್ಯನಾರಾಯಣ ಪೂಜೆಗೆ ಬಂದರೂ ಸರಿ, ಚೀಲದಿಂದ ಕತ್ತಾಳೆ ನಾರು ತೆಗೆದು ಹೊಸೆಯುತ್ತಿದ್ದರು. ಸೀರೆ ತುಂಬ ನಾರಿನ ಪುಡಿ.

ನಮ್ಮ ಮನೆಗಳ ಹಿಂದೆ ಒಂದು ಹಳ್ಳ. ಆಚೆ ದಡದ ತಗಡಿನ ಮನೆಗಳಿಂದ ಮಕ್ಕಳು ಸ್ಕೂಲಿಗೆ, ಹೆಂಗಸರು ಕೆಲಸಕ್ಕೆ ಹಳ್ಳ ಇಳಿದೇ ಬರಬೇಕು. ನನ್ನದು ವೆಲ್ಡಿಂಗ್ ವರ್ಕ್‌ಶಾಪು. "ಅಕ್ಕ, ಕಬ್ಬಿಣದ ಸೇತುವೆ ಹಾಕಿಕೊಡ್ತೀನಿ, ಅಲ್ಲಾಡಲ್ಲ" ಅಂದೆ.

"ಅದೇ ಬೇಡ ಅನ್ನೋದು, ಫುಂಡಿ ರಾಯರೇ" ಅಂದರು. ಕಸುಬುದಾರನಿಗೆ ಇಲ್ಲಿ ಫುಂಡಿ ಅನ್ನುತ್ತಾರೆ. ರಾಯರು ಅವರು ಸೇರಿಸಿದ್ದು. "ಪೆರು ದೇಶದಲ್ಲಿ ಇಂಕಾ ಅಂತ ಜನ ಇದ್ರು. ಗಾಡಿ ಇಲ್ಲ, ಕುದುರೆ ಇಲ್ಲ. ಬೆಟ್ಟದಲ್ಲಿ ಮೆಟ್ಟಿಲು ಕಡಿದು ರಸ್ತೆ ಮಾಡಿದ್ರು, ಕಣಿವೆ ಬಂದ ಕಡೆ ಹುಲ್ಲು ಹೊಸೆದು ಸೇತುವೆ ಕಟ್ಟಿದ್ರು. ಹುಲ್ಲು ಎಷ್ಟು ದಿನ ಬಾಳುತ್ತೆ? ವರ್ಷ ವರ್ಷ ಎರಡೂ ದಡದವರು ಮನೆಮನೆಯಿಂದ ಹಗ್ಗ ತಂದು ಹೊಸದು ಕಟ್ಟಿ, ಹಳೇದನ್ನ ಕಡಿದು ಹೊಳೆಗೆ ಬಿಡಬೇಕು. ಒಂದು ಕಡೆ ಇವತ್ತಿಗೂ ಹಾಗೇ ಕಟ್ತಾರೆ. ನಿಮ್ಮ ಕಬ್ಬಿಣ ಬಂದ್ರೆ ಯಾರು ಯಾರ ಬಾಗಿಲು ತಟ್ತಾರೆ?"

ಎರಡೂ ದಡದವರು ಸೇರಿ ಕತ್ತಾಳೆ ಹಗ್ಗದ ಸೇತುವೆ ಕಟ್ಟಿಯೇ ಬಿಟ್ಟೆವು. ಬ್ಯಾಂಕಿನ ಸಾಹೇಬರೊಬ್ಬರು ಅಂಗಡಿಯಿಂದ ನೈಲಾನ್ ಹಗ್ಗ ತಂದರು. "ಇದು ಅಂಗಡಿಯವನ ಹಗ್ಗ. ನಿಮ್ಮ ಮನೇದು ಎಲ್ಲಿ?" ಎಂದು ಅಕ್ಕ ವಾಪಸು ಕಳಿಸಿದರು. ಪಾಪ, ಸಾಹೇಬರು ಬನಿಯನ್ನಿನಲ್ಲಿ ಕೂತು ಹೊಸೆದರು.

ಆಚೆ ದಡದ ತರಕಾರಿಯವಳು ಮಾಮಾ ಅಕಿನ್ಯಿ (ಮಾಮಾ ಅಂದರೆ ಇಲ್ಲಿ ಅಮ್ಮ) ಸ್ವಾಹಿಲಿಯಲ್ಲಿ ಕೂಗಿದಳು: "ಟೀಚರಮ್ಮ, ಇದು ಹರಿದರೆ ಇಂಡಿಯಾಕ್ಕೆ ಈಜಿಕೊಂಡು ಹೋಗ್ತೀರಾ?"

"ನಿನ್ನ ಟೊಮೇಟೊ ಬುಟ್ಟಿ ಹಿಡ್ಕೊಂಡು ತೇಲ್ತೀನಿ ಬಿಡೇ!"

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಅಕ್ಕನಿಗೆ ಕ್ಯಾನ್ಸರ್ ಬಂತು. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದಾಗ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಹಗ್ಗ ಬಂದ್ರೆ ಕಟ್ಟಿ. ಬರದಿದ್ರೆ ಹಳೇದನ್ನ ಹಾಗೇ ಬಿಡಬೇಡಿ, ಮಕ್ಕಳು ಬೀಳ್ತವೆ. ನೀವೇ ಕಡೀರಿ."

"ಬರುತ್ತೆ ಅಕ್ಕ" ಅಂದೆ.

"ಬರಲಿ" ಅಂದರು.

ಅವರು ಹೋದ ಮೇಲೆ, ಮಾರ್ಚಿನ ಮಳೆಗೆ ಮುಂಚೆ, ಎರಡೂ ದಡದ ಬಾಗಿಲು ತಟ್ಟಿದೆ. ಕಂಪನಿ ಕೆಲಸಕ್ಕೆ ಬಂದಿದ್ದ ಎಷ್ಟೋ ಜನ ಬೆಂಗಳೂರಿಗೆ ವಾಪಸಾಗಿದ್ದರು. ಹೊಸಬರು, "ಅಂಕಲ್, ಸ್ಟೀಲ್ ಹಾಕಿಬಿಡಿ, ನಮಗೆಲ್ಲಿ ಟೈಮು?" ಅಂದರು. ಹಗ್ಗ ಕೊಟ್ಟದ್ದು ನಾಲ್ಕು ಮನೆ. ಅಷ್ಟು ಹಗ್ಗದಲ್ಲಿ ಕಾಲಿಡುವ ತಳ ಆಗುತ್ತದೆ, ಕೈಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಆಚೆ ಕಡೆ ಮಾಮಾ ಅಕಿನ್ಯಿ ಕಡಿದಳು, ಈಚೆ ಕಡೆ ನಾನು. ಸೇತುವೆ ಸದ್ದಿಲ್ಲದೆ ಹಳ್ಳಕ್ಕೆ ಬಿತ್ತು. ಕಬ್ಬಿಣದ್ದು ಹಾಕಿದೆ. ಗಟ್ಟಿ ಕೆಲಸ, ಕೈಯಾಡಿಸಿ ನೋಡಬಹುದು.

ಈಗ ನನಗೆ ಒಂದು ವರ್ಕ್‌ಶಾಪು, ಎರಡು ವೆಲ್ಡಿಂಗ್ ಮಷೀನು, ಐದು ಜನ ಕೆಲಸಗಾರರು, ಹಳ್ಳದ ಮೇಲೆ ನಾನು ಕಟ್ಟಿದ ಒಂದು ಸೇತುವೆ. ಅದರ ಮೇಲೆ ಓಡಾಡುವವರಲ್ಲಿ ನನ್ನ ಹೆಸರು ಗೊತ್ತಿರುವ ಮನೆ ನಾಲ್ಕು.