ಇಂಟರ್‌ವ್ಯೂ ಪಾಸಾದ ತಾಯಿ

ಕಳೆದ ಎಪ್ರಿಲ್‌ನಲ್ಲಿ ನಾನು ಇಂಟರ್‌ವ್ಯೂ ಕೊಟ್ಟು ತಾಯಿಯಾದೆ.

ತಮಾಷೆಗೆ ಹೇಳುತ್ತಿಲ್ಲ. ಇಳಕಲ್ಲಿನಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಕಾನ್ವೆಂಟ್ ಶಾಲೆಯ ಆಫೀಸಿನಲ್ಲಿ, ಮರದ ಕುರ್ಚಿಯ ಮೇಲೆ ಕೂತು, ಹತ್ತೇ ನಿಮಿಷದಲ್ಲಿ. ಮೂವತ್ತೆಂಟು ತುಂಬಿದ, ಮದುವೆಯಾಗದ, ಹುನಗುಂದದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ಒಳಗೆ ಹೋಗುವಾಗ ಸ್ನೇಹಾಳ ಸೋದರತ್ತೆ. ಹೊರಗೆ ಬರುವಾಗ ಅವಳ ಮಮ್ಮಿ. (ಇಷ್ಟು ಸಲೀಸಾದ ಹೆರಿಗೆ ನಮ್ಮ ತಾಲೂಕಿನಲ್ಲಿ ಇನ್ನೊಂದು ಆಗಿರಲಿಕ್ಕಿಲ್ಲ.)

ಸ್ನೇಹಾ ನನ್ನ ತಮ್ಮ ಈರಣ್ಣನ ಮಗಳು. ನಾಲ್ಕು ವರ್ಷ. ಹಾಗಾದರೆ ಅವಳಿಗೆ ಹೆತ್ತ ತಾಯಿ ಇಲ್ಲವೇ? ಇದ್ದಾಳೆ. ಗೌರವ್ವ. ಆ ಹತ್ತು ನಿಮಿಷವೂ ಅವಳು ಅದೇ ಆಫೀಸಿನ ಹೊರಗೆ, ಮಗುವಿನ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

ಇದು ಯಾರ ತಲೆಯಲ್ಲಿ ಹುಟ್ಟಿದ್ದು? ನನ್ನ ನೆನಪಿನ ಪ್ರಕಾರ ಈರಣ್ಣನ ತಲೆಯಲ್ಲಿ. ಅವನನ್ನು ಕೇಳಿದರೆ, ‘ನೀನ ಹೇಳಿದ್ದಿ ಅಕ್ಕಾ, ನಾ ಹ್ಞೂಂ ಅಂದೆ ಅಷ್ಟ,’ ಅನ್ನುತ್ತಾನೆ. ಮೂರು ತಿಂಗಳೂ ಆಗಿಲ್ಲ, ಆಗಲೇ ನೆನಪು ನಮ್ಮಿಬ್ಬರಿಗೂ ಬೇಕಾದ ಹಾಗೆ ಬಗ್ಗಿದೆ. ಗ್ಯಾರಂಟಿಯಾಗಿ ಹೇಳಬಹುದಾದದ್ದು ಒಂದೇ. ಗೌರವ್ವನ ತಲೆಯಲ್ಲಿ ಹುಟ್ಟಿದ್ದಲ್ಲ.

ಸುದ್ದಿ ತಂದವರು ಬಾಗಲಕೋಟೆಯ ನಮ್ಮ ಬೀಗರು. ಹಳೇ ಊರಿನ ಮನೆಗೆ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ನವನಗರಕ್ಕೆ ಹೋದವರು. ಅಲ್ಲಿಗೆ ಹೋದಂದಿನಿಂದ ಲೋಕದ ಸಂಗತಿಯೆಲ್ಲ ಅವರಿಗೆ ಗೊತ್ತು. ‘ಕಾನ್ವೆಂಟಿನ್ಯಾಗ ಕೂಸಿಗೆ ಏನೂ ಕೇಳಂಗಿಲ್ರಿ. ತಾಯೀನ್ನ ಕೇಳ್ತಾರ. ಇಂಗ್ಲೀಷ್ ಬರಲಿಲ್ಲಂದ್ರ ಅರ್ಜಿ ಬಾಜೂಕ ಇಟ್ಟಬಿಡ್ತಾರ,’ ಅಂದರು. ಯಾವ ಶಾಲೆಯಲ್ಲಿ? ಯಾರಿಗೆ ಹಾಗಾಯಿತು? ನಾವು ಕೇಳಲಿಲ್ಲ. ಅರ್ಧ ಫರ್ಲಾಂಗು ನಡೆದು ಹೋಗಿ ಶಾಲೆಯ ಗೇಟಿನಲ್ಲಿ ವಿಚಾರಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ನಮ್ಮ ಊರುಗಳಲ್ಲಿ ಕಾನ್ವೆಂಟಿಗೆ ಹೆದರುವುದು ಮಕ್ಕಳಲ್ಲ.

ಗೌರವ್ವ ಓದಿದ್ದು ಏಳನೇ ಇಯತ್ತೆ. ಕನ್ನಡದಲ್ಲಿ. ಇಳಕಲ್ ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವ ಕೆಲಸವಿದೆಯಲ್ಲ, ಅದರಲ್ಲಿ ಅವಳ ಕೈಯನ್ನು ಸರಿಗಟ್ಟುವವರು ನಮ್ಮ ಓಣಿಯಲ್ಲಿಲ್ಲ. ಪೇಪರನ್ನು ಮೊದಲ ಪುಟದಿಂದ ಟೆಂಡರ್ ನೋಟಿಸಿನವರೆಗೆ ಓದುತ್ತಾಳೆ. ಈ ಅಂಕಣವನ್ನೂ ಓದುತ್ತಾಳೆ. ‘ಅಕ್ಕಾರ, ಹ್ವಾದ ವಾರ ಒಂದ ಮಾತ ಎರಡೆರಡ ಸಲ ಬರದೀರಿ,’ ಎಂದು ಮುಖದ ಮೇಲೆ ಹೇಳುವ ಓದುಗಾರ್ತಿ ನನಗೆ ಅವಳೊಬ್ಬಳೇ. ಇಂಥವಳ ಬಗ್ಗೆ ನಾವು ಏನು ತೀರ್ಮಾನ ಮಾಡಿದೆವು? ಇವಳು ತಾಯಿಯಾಗಿ ನಡೆಯುವುದಿಲ್ಲ ಅಂತ.

‘ಹತ್ತ ಮಿನಿಟ ಕುಂತು ಬಾ ಅಕ್ಕಾ. ಇಂಗ್ಲೀಷ್ನ್ಯಾಗ ನಾಕ ಮಾತ ಒಗದ್ರ ಮುಗೀತು,’ ಅಂದ ಈರಣ್ಣ.

‘ನೀನೂ ಬಾ ಮತ್ತ.’

‘ನಾ ಹೆಂಗ ಬರ್ಲಿ? ಅಕ್ಕನ ಬಾಜೂಕ ಗಂಡ ಅಂತ ಕುಂದರ್ಲೇನು?’

ಅಕ್ಕ-ತಮ್ಮ ಗಂಡ-ಹೆಂಡತಿಯಾಗಿ ಕೂಡುವುದು ಮಾತ್ರ ನಮ್ಮ ಮರ್ಯಾದೆಗೆ ಒಪ್ಪಲಿಲ್ಲ. (ಉಳಿದದ್ದೆಲ್ಲ ಒಪ್ಪಿತು.) ಹೀಗಾಗಿ ತಂದೆ ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೋದ. ಅಂದರೆ ಶಾಲೆಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತ.

ಇನ್ನು ಕೊರಳು. ಬರಿಗೊರಳಿನಲ್ಲಿ ತಾಯಿಯಾಗಿ ಹೋಗುವುದು ಹೇಗೆ? ಮದುವೆಯಾಗದವಳು ಕರಿಮಣಿ ಕಟ್ಟಿಕೊಳ್ಳುವುದಕ್ಕೆ ನಮ್ಮವ್ವ ಅಡ್ಡ ಬಂದಳು. ‘ಸಿಸ್ಟರ್ ಏನ ನಿನ್ನ ಕೊಳ್ಳಾಗ ಕೈ ಹಾಕಿ ನೋಡ್ತಾರೇನ ಬೇ?’ ಆಮೇಲೆ ಅವಳೇ, ‘ಹೋಗ್ಲಿ, ಸಾಲಿ ಸಲುವಾಗಿ,’ ಅಂದಳು. ಬಳೆ ಅಂಗಡಿಯಿಂದ ಗಿಲೀಟಿನದೊಂದು ತಂದರು. ಅದನ್ನು ನನ್ನ ಕೊರಳಿಗೆ ಹಾಕಿದವಳು ಗೌರವ್ವ.

‘ತಿರುಗ್ರಿ ಅಕ್ಕಾರ,’ ಅಂದಳು. ಹಿಂದಿನಿಂದ ಕೊಕ್ಕೆ ಸಿಕ್ಕಿಸಿದಳು. ‘ಸಡ್ಲ ಐತಿ. ಭಾಳ ಕುತ್ತಿಗಿ ಹೊರಳಸಬ್ಯಾಡ್ರಿ.’

ಅವಳ ಬೆರಳು ನಡುಗಿದವು ಎಂದು ಬರೆದರೆ ಪ್ಯಾರಾ ಚೆನ್ನಾಗಿರುತ್ತದೆ. ನಡುಗಲಿಲ್ಲ. ನಡುಗಿದ್ದರೂ ನಾನು ನೋಡುವಂತಿರಲಿಲ್ಲ, ನನ್ನ ಬೆನ್ನು ಅವಳ ಕಡೆಗಿತ್ತು.

ಮಗುವಿನ ತಯಾರಿ ನನ್ನದು. ವೃತ್ತಿಯಲ್ಲಿ ಮೇಷ್ಟರಲ್ಲವೇ? ಒಂದು ವಾರ ದಿನಾ ಸಂಜೆ ಹುನಗುಂದದಿಂದ ಬಸ್ಸಿನಲ್ಲಿ ಈರಣ್ಣನ ಮನೆಗೆ ಬಂದು ಕಲಿಸಿದೆ.

‘ನಾ ಯಾರು?’

‘ಅತ್ತಿ.’

‘ಅಲ್ಲ. ಮಮ್ಮಿ.’

‘ಮತ್ತ ಅವ್ವ?’

‘ಸಾಲ್ಯಾಗ ಅವ್ವ ಅನ್ನಬಾರದು.’

ಒಂದು ಸರಿಯುತ್ತರಕ್ಕೆ ಒಂದು ಪೆಪ್ಪರ್‌ಮಿಂಟ್. ಐದನೆಯ ದಿನಕ್ಕೆ ಮಗು ತಪ್ಪು ಮಾಡುವುದನ್ನು ಬಿಟ್ಟಿತು. ಗೌರವ್ವ ಅಲ್ಲೇ ಮಗ್ಗದ ಹತ್ತಿರ ಎಳೆ ಕೂಡಿಸುತ್ತ ಕೂತಿರುತ್ತಿದ್ದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ, ‘ಅಕ್ಕಾರ, ಪೆಪ್ಪರ್‌ಮಿಂಟ್ ಸಾಕ್ರಿ, ಹಲ್ಲ ಹುಳಕ ಆಗ್ತಾವು,’ ಅಂದಳು. ಅವಳು ತೆಗೆದ ತಕರಾರು ಅಷ್ಟೇ.

ಇಂಟರ್‌ವ್ಯೂ ಬಂತು. ಸಿಸ್ಟರ್ ಮಂಗಳೂರು ಕಡೆಯವರು. ತೂಕ ಮಾಡಿ ಒಂದೊಂದೇ ಪದ ಇಡುವ ಪುಸ್ತಕದ ಕನ್ನಡ. ನಾನು ಇಂಗ್ಲಿಷ್ ಹೊಳಪು ಕೊಟ್ಟುಕೊಂಡು ಕಾದು ಕೂತಿದ್ದೆ. ಅವರು ಕನ್ನಡದಲ್ಲಿ ಕೇಳಿದರು: ‘ಮಗು ಅತ್ತಾಗ ನೀವು ಹೇಗೆ ಸಮಾಧಾನ ಮಾಡುತ್ತೀರಿ?’

ಅದೊಂದೇ ಪ್ರಶ್ನೆ. ನನಗೆ ಗೊತ್ತಿರಲಿಲ್ಲ. ಸ್ನೇಹಾ ಅತ್ತಾಗಲೆಲ್ಲ ನಾನು ಏನು ಮಾಡಿದ್ದೇನೆ? ‘ಗೌರಾ, ನೋಡ ಇಲ್ಲಿ, ಅಳಾಕತ್ತಾಳ,’ ಎಂದು ಕೂಗಿದ್ದೇನೆ. ಈಗಲೂ ಹಾಗೆ ಕೂಗಿದ್ದರೆ ಬಾಗಿಲಾಚೆಯಿಂದ ಸರಿಯುತ್ತರ ನಡೆದು ಒಳಗೆ ಬರುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಸ್ಟೋರಿ ಬುಕ್ಸು, ಪೇಷನ್ಸು. ಸಿಸ್ಟರ್ ತಲೆಯಾಡಿಸಿ ಫಾರ್ಮು ಮುಂದೆ ಸರಿಸಿದರು. ತಾಯಿಯ ಹೆಸರು ಎಂಬಲ್ಲಿ ‘ಮಿಸೆಸ್ ಗೌರಿ’ ಎಂದು ಬರೆದೆ. ಗೌರವ್ವ ಎಂದು ಬರೆಯಲು ಕೈ ಬರಲಿಲ್ಲ. ಹೆಸರನ್ನೂ ಇಸ್ತ್ರಿ ಮಾಡಿಬಿಟ್ಟೆ. ಸಹಿ ನನ್ನದು. ಶಾಲೆಯ ಡೈರಿಗೆ ಅಂಟಿಸುವ ತಾಯಿಯ ಫೋಟೋ ಕೂಡ ನನ್ನದು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚಿನ ಶನಿವಾರ, ಹೊಸದಾಗಿ ಎಲ್‌ಕೆಜಿ ಸೇರಿದ ಮಕ್ಕಳ ಕುಟುಂಬಗಳನ್ನು ಸ್ವಾಗತಕ್ಕೆ ಕರೆದರು. ಬಾಗಿಲಿಗೆ ಬಣ್ಣದ ಕಾಗದದ ಸರ. ಒಳಗೆ ಕೂಸನ್ನೆತ್ತಿಕೊಂಡ ಮಾತೆ ಮರಿಯಳ ಮೂರ್ತಿ, ಮುಂದೆ ಮೇಣದಬತ್ತಿ. ತಾಯಂದಿರಿಗೆ ಕುರ್ಚಿ, ಮಕ್ಕಳಿಗೆ ಜಮಖಾನೆ. ಗೌರವ್ವ ಗೋಡೆ ಹಿಡಿದು ಹಿಂದೆ ನಿಂತಳು.

‘ಅವರು ಯಾರು?’ ಸಿಸ್ಟರ್ ಸಹಜವಾಗಿ ಕೇಳಿದರು.

‘ನಮ್ಮ ಮನೆಯಲ್ಲೇ ಇರ್ತಾರೆ,’ ಅಂದೆ.

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಗಮನಿಸಿ. ಇಷ್ಟು ಶುದ್ಧವಾದ ವಾಕ್ಯವನ್ನು ನಾನು ಕ್ಲಾಸಿನಲ್ಲೂ ಹೇಳಿದವಳಲ್ಲ.

ಸಿಸ್ಟರ್ ಮಾತಾಡಲು ನಿಂತರು. ‘ನಿಮ್ಮಲ್ಲಿ ಕೆಲವರು ಇಂಗ್ಲಿಷಿಗೆ ಹೆದರಿದ್ದೀರಿ ಎಂದು ಕೇಳಿದೆ. ಹೆದರಬೇಡಿ. ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಕ್ಕಳ ಜೊತೆ ಮಾತಾಡಿ. ಇಂಗ್ಲಿಷ್ ಕಲಿಸುವುದು ನಮ್ಮ ಕೆಲಸ. ಇಂಟರ್‌ವ್ಯೂಗೆ ಕರೆದದ್ದು ನಿಮ್ಮ ಪರಿಚಯ ಆಗಲಿ ಎಂದು.’

ನನ್ನ ಪಕ್ಕದಲ್ಲಿದ್ದ ನೇಕಾರರ ಓಣಿಯ ಹೆಣ್ಣುಮಗಳೊಬ್ಬಳು ಹಣೆ ಹಣೆ ಬಡಿದುಕೊಂಡಳು. ‘ಮೊದಲ ಹೇಳಬಾರದೇನ್ರಿ ಸಿಸ್ಟರ್. ಎರಡ ತಿಂಗಳಾತು, ರೊಟ್ಟಿ ಬಡಿಯೂಮುಂದ ಸೈತ ಮೈ ನೇಮ್ ಈಸ್, ಮೈ ನೇಮ್ ಈಸ್ ಅಂತ ಬಾಯಿಪಾಠ ಮಾಡೀನಿ. ನಮ್ಮತ್ತಿ ನನಗ ದೆವ್ವ ಹೊಕ್ಕೈತಿ ಅಂತಾಳ.’

ಎಲ್ಲರೂ ನಕ್ಕರು. ಸಿಸ್ಟರೂ ನಕ್ಕರು. ಆ ನಗುವಿನಲ್ಲಿ ನಾನು ಎದ್ದು ನಿಂತು, ‘ಇನ್ನೊಂದು ತಮಾಷೆ ಕೇಳಿ ಸಿಸ್ಟರ್, ಈ ಸ್ನೇಹಾಳ ತಾಯಿ ಅಗೋ ಅಲ್ಲಿ,’ ಅಂದಿದ್ದರೆ ಅದೂ ನಗೆಯಲ್ಲೇ ಹೋಗುತ್ತಿತ್ತು. ಯಾಕೆ ಅನ್ನಲಿಲ್ಲ? ಸೀಟು ಹೋದೀತೆಂಬ ಭಯ ಎಂದು ತಮ್ಮನಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ನನಗೆ ಅದು ಹಿಡಿಸಿತ್ತು. ಮುಂದಿನ ಸಾಲಿನ ಆ ಕುರ್ಚಿ, ಸೀರೆಯ ಅಂಚು ಹಿಡಿದ ಆ ಸಣ್ಣ ಕೈ, ಪಕ್ಕದವಳು ‘ನಿಮಗ ಒಂದ ಕೂಸೇನ್ರಿ?’ ಎಂದು ಕೇಳಿದ ಧಾಟಿ.

ಆಮೇಲೆ ಸಿಸ್ಟರ್, ‘ಈಗ ತಾಯಂದಿರು ಐದು ನಿಮಿಷ ಹೊರಗೆ ಹೋಗಿ. ಮಕ್ಕಳಿಗೆ ಅಭ್ಯಾಸವಾಗಲಿ,’ ಅಂದರು. ನಾವು ಎದ್ದದ್ದೇ ತಡ, ಇಡೀ ಜಮಖಾನೆ ಅಳತೊಡಗಿತು. ಮಕ್ಕಳು ಎದ್ದು ತಾಯಂದಿರ ಕಡೆ ಓಡಿದವು. ಸ್ನೇಹಾ ಕೂಡ ಓಡಿದಳು. ಗೋಡೆಯ ಕಡೆಗೆ.

ಕಥೆಯಾಗಿದ್ದರೆ ಅವಳು ಅವ್ವನ ಮಡಿಲಿಗೆ ಬಿದ್ದು ನಮ್ಮ ನಾಟಕ ಬಯಲಾಗಬೇಕು. ನನಗೂ ಅದೇ ಬೇಕಿತ್ತು ಎಂದು ಈಗ ಅನ್ನಿಸುತ್ತದೆ. (ಈಗ ಅನ್ನಿಸುವುದಕ್ಕೆ ಏನು ಬೆಲೆ?) ಆದದ್ದು ಬೇರೆ. ನಾಲ್ಕು ಹೆಜ್ಜೆ ಓಡಿದ ಮಗು ನಡುವೆ ನಿಂತಿತು. ಗೌರವ್ವನ ಮುಖ ನೋಡಿತು. ಗೌರವ್ವ ಬಾಟಲಿ ಹಿಡಿದ ಕೈ ಎತ್ತಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಕಣ್ಣಿನಲ್ಲೇ ನನ್ನ ಕಡೆ ತೋರಿಸಿದಳು. ಅಲ್ಲಿಗೆ ಹೋಗು.

ಮಗು ತಿರುಗಿ ಬಂದು ನನ್ನ ಸೀರೆ ಹಿಡಿದು ‘ಮಮ್ಮಿ’ ಅಂದಿತು. ಅಳುತ್ತಲೇ ಅಂದಿತು. ತಪ್ಪಿಲ್ಲದೆ ಅಂದಿತು.

ಈ ಬರಹದಲ್ಲಿ ಬೇರೆ ಯಾವುದನ್ನು ಬೇಕಾದರೂ ನೀವು ಅನುಮಾನಿಸಿ. ಆ ಕಣ್ಸನ್ನೆಯನ್ನು ನಾನು ಕಂಡಿದ್ದೇನೆ.

ಹೊರಗೆ ಚಹಾ, ಬಿಸ್ಕೀಟು. ಸಿಸ್ಟರ್ ಒಳ್ಳೆಯವರು, ತಾವೇ ಒಂದು ಕಪ್ಪು ಒಯ್ದು ಗೌರವ್ವನಿಗೆ ಕೊಟ್ಟು, ‘ನೀವೂ ಕುಡಿಯಿರಿ, ಸಂಕೋಚ ಬೇಡ. ಮಗುವಿಗೆ ನೀವೆಂದರೆ ತುಂಬ ಪ್ರೀತಿ ಅನ್ನಿಸುತ್ತದೆ,’ ಅಂದರು. ಗೌರವ್ವ, ‘ಹೌದ್ರಿ,’ ಅಂದಳು.

ಮನೆಗೆ ಬಂದ ಮೇಲೆ ಈರಣ್ಣ ಪೇಢೆ ಹಂಚಿದ. ‘ಸಿಸ್ಟರ್ ಇಂಗ್ಲಿಷ್ ಬೇಕಾಗಿಲ್ಲ ಅಂದ್ರು,’ ಎಂದು ನಾನು ಹೇಳಿದೆ. ಅವನು, ‘ಅನ್ನೂದು ಹಂಗ ಅಂತಾರ ಅಕ್ಕಾ,’ ಅಂದ. ಗೌರವ್ವ ನನ್ನ ಕೊರಳಿನಿಂದ ಗಿಲೀಟಿನ ಸರ ಬಿಚ್ಚಿ, ಕಾಗದದಲ್ಲಿ ಸುತ್ತಿ, ‘ಮುಂದಿನ ಸಲ ಬೇಕಾಗ್ತೈತಿ,’ ಎಂದು ಕಪಾಟಿನಲ್ಲಿಟ್ಟಳು.

ಮುಂದಿನ ಸಲ ನಾನು ಹೋಗಲಿಲ್ಲ. ಮೊನ್ನೆ ಶನಿವಾರ ಶಾಲೆಯವರು ಮತ್ತೆ ತಾಯಂದಿರನ್ನು ಕರೆದಿದ್ದರು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದೆ ಎಂದು ಫೋನ್ ಮಾಡಿ ಹೇಳಿದೆ. ಪರೀಕ್ಷೆ ಇರಲಿಲ್ಲ. ನಾನು ತಪ್ಪಿಸಿಕೊಂಡರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಒಪ್ಪಿಕೊಳ್ಳುವ ಶ್ರಮವಿಲ್ಲದ ಪ್ರಾಯಶ್ಚಿತ್ತ. ‘ಗೌರಾ, ನೀನ ಹೋಗಿ ಬಾ. ನೀನ ಅಕಿ ಅವ್ವ ಅಂತ ಸಿಸ್ಟರ್‌ಗೆ ಹೇಳು. ಅವರು ಏನೂ ಅನ್ನಂಗಿಲ್ಲ,’ ಅಂದೆ.

‘ಖರೇನ ಹೋಗ್ಲೇನ್ರಿ?’ ಎಂದು ಕೇಳಿದಳು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಮದುವೆಯ ಸೀರೆ ಉಟ್ಟುಕೊಂಡು ಹೋಗಿದ್ದಳು ಎಂದು ನಮ್ಮವ್ವ ಆಮೇಲೆ ಹೇಳಿದಳು.

ನಡೆದದ್ದನ್ನು ಅವಳೇ ಸಂಜೆ ಫೋನಿನಲ್ಲಿ ಹೇಳಿದಳು.

‘ನಾನ ಅವ್ವ ಅಂತ ಹೇಳೀನ್ರಿ ಅಕ್ಕಾರ. ಆಯಾ ಡೈರಿ ತಗದು ಫೋಟೋ ನೋಡಿದ್ಲು. ನನ್ನ ಮಾರಿ ನೋಡಿದ್ಲು. ನಕ್ಕೋತ ಸಿಸ್ಟರ್‌ನ್ನ ಕರದ್ಲು. ಸಿಸ್ಟರ್ ಕೂಸಿನ್ನ ಕೇಳಿದ್ರು, ಇವರು ಯಾರಮ್ಮಾ ಅಂತ.’

‘ಏನಂತು?’

‘ನನ್ನ ಮಾರೀನ ನೋಡಿದ್ಲ್ರಿ. ನಾ ಈ ಸಲ ಕಣ್ಣ ಸನ್ನಿ ಏನೂ ಮಾಡ್ಲಿಲ್ಲ. ಸುಮ್ನ ನಿಂತಿದ್ದೆ. ತಾನ ಹೇಳಿದ್ಲು. ಇವರು ಮಮ್ಮಿ ಅಲ್ರಿ, ಮಮ್ಮಿ ಹುನಗುಂದದಾಗ ಅದಾರ ಅಂತ.’

ಅವಳೇ ಮುಂದುವರಿಸಿದಳು. ‘ಸಿಸ್ಟರ್ ನನಗ ಬೈಲಿಲ್ರಿ. ಮನೆಯವರು ಕಳಿಸಿದರೆ ನೀವೇನು ಮಾಡುತ್ತೀರಿ ಅಂದ್ರು. ಒಂದ ಚೀಟಿ ಬರದ ಕೊಟ್ಟಾರ. ಹುಡುಗಿ ಶ್ಯಾಣ್ಯಾ ಆಗ್ಯಾಳ್ರಿ ಅಕ್ಕಾರ, ಕಲಿಸಿದ್ದ ಮರತಿಲ್ಲ.’

ಕೊನೆಯ ಮಾತು ಹೊಗಳಿಕೆಯೋ ಚುಚ್ಚೋ, ನನಗೆ ಗೊತ್ತಾಗಲಿಲ್ಲ. ಗೌರವ್ವ, ಇದನ್ನು ಓದುತ್ತಿದ್ದರೆ, ಕೇಳುವ ಧೈರ್ಯವಾಗದೆ ಇಲ್ಲಿ ಬರೆಯುತ್ತಿದ್ದೇನೆ. (ಸಿಸ್ಟರ್ ಈ ಪೇಪರ್ ತರಿಸುವುದಿಲ್ಲ ಎಂದು ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ ಎಂಬುದೂ ನಿಮಗೆಲ್ಲ ತಿಳಿದಿರಲಿ.)

ಆ ರಾತ್ರಿ ಈರಣ್ಣನ ಫೋನು. ‘ಅಕ್ಕಾ, ಈಗ ಬಾಯಿ ಬಿಡಬ್ಯಾಡ. ಸುಳ್ಳ ಹೇಳೇವಿ ಅಂತ ಗೊತ್ತಾದ್ರ ಸೀಟ ಹೋಗ್ತದ. ತಿಂಗಳಿಗೆ ಒಂದ ಶನಿವಾರ ನೀನ ಬಂದು ಹೋಗು.’

‘ಗೌರಾ ಏನಂತಾಳ?’

‘ಅಕಿ ಏನಂತಾಳ? ಏನೂ ಅನ್ನಂಗಿಲ್ಲ.’

ಈರಣ್ಣ ಕಳಿಸಿಕೊಟ್ಟ ಆ ಚೀಟಿ ಈಗ ನನ್ನ ಮೇಜಿನ ಮೇಲಿದೆ. ಮಿಸೆಸ್ ಗೌರಿಯವರಿಗೆ. ಮಗು ಇನ್ನೂ ತರಗತಿಗೆ ಒಗ್ಗಿಲ್ಲ, ಹೇಳದೆ ಕೇಳದೆ ಅಳುತ್ತದೆ, ದಯವಿಟ್ಟು ಬೇರೆಯವರನ್ನು ಕಳಿಸದೆ ತಾಯಿಯೇ ಬರಬೇಕು, ಮಗುವಿನ ವಿಷಯದಲ್ಲಿ ನಾವು ತಾಯಿಯ ಮಾತನ್ನು ಮಾತ್ರ ಕೇಳುತ್ತೇವೆ ಎಂದಿದೆ.

ಸರಿ. ಗೌರವ್ವ ಹೇಳಿದಳು, ನಡೆಯಲಿಲ್ಲ. ಅವಳೇ ತಾಯಿ ಎಂದು ಆ ಶಾಲೆಯಲ್ಲಿ ಹೇಳುವ ಹಕ್ಕು ಈಗ ತಾಯಿಯೊಬ್ಬಳಿಗೇ ಇದೆ, ಅಂದರೆ, ನನಗೆ.